ಬೀಗ ಹಾಕೈತೆ ಎಂದು ಬರೆದ ಕಿಡಿಗೇಡಿ

ನಿವೃತ್ತಿಯಾದ ಹೆಂಗಸಿಗೆ ಹೊನ್ನಾಳಿಯಲ್ಲಿ ಮೂರು ದಾರಿಗಳಿವೆ: ಮೊಮ್ಮಕ್ಕಳು, ಭಜನಾ ಮಂಡಳಿ, ಮಂಡಿನೋವು. ನಾನು ಈ ಮೂರನ್ನೂ ಬಿಟ್ಟು ನಾಲ್ಕನೆಯದೊಂದನ್ನು ಹಿಡಿದೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೊಂದು ಇಂಟರ್ನೆಟ್ಟಿನಲ್ಲಿದೆಯಲ್ಲ, ಅದರಲ್ಲಿ ನಮ್ಮ ಕಡೆಯ ಊರುಗಳ ಬಗ್ಗೆ ಬರೆಯತೊಡಗಿದೆ.

ಮೂವತ್ತು ವರ್ಷ ದೂರವಾಣಿ ಇಲಾಖೆಯಲ್ಲಿ ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಕೂತವಳು ನಾನು. ಚನ್ನಗಿರಿ, ಜಗಳೂರು, ಕೊನೆಗೆ ಹೊನ್ನಾಳಿ. ಊರು ಬದಲಾದರೂ ಮೇಜು ಬದಲಾಗಲಿಲ್ಲ. ಜನ ಹೇಳಿದ್ದನ್ನು ನೀಟಾಗಿ ಬರೆದುಕೊಂಡು, ಕೆಳಗೆ ಗೆರೆ ಎಳೆದು, ಸಂಜೆಯೊಳಗೆ ‘ಸರಿಪಡಿಸಲಾಗಿದೆ’ ಎಂದು ಬರೆಯುವುದು ನನ್ನ ಕೆಲಸ. ಫೋನು ಸರಿಯಾಯಿತೋ ಇಲ್ಲವೋ ನೋಡುವುದು ನನ್ನ ಕೆಲಸವಾಗಿರಲಿಲ್ಲ. ಹಾಗಾಗಿ ವಿಶ್ವಕೋಶದ ಕೆಲಸ ನನಗೆ ತುಂಬಾ ಸಲೀಸಾಗಿ ಕೈಹತ್ತಿತು.

ಸೂಳೆಕೆರೆಯ ಬಗ್ಗೆ ಬರೆದೆ. ಸಾಸ್ವೆಹಳ್ಳಿಯ ಬಗ್ಗೆ ಬರೆದೆ. ನನ್ನ ಯಜಮಾನರು ಯಾವುದೋ ಕಚೇರಿಯಿಂದ ಹಳೆಯ ಕೈಪಿಡಿಯೊಂದನ್ನು ತಂದುಕೊಟ್ಟಿದ್ದರು. ಯಾವ ಊರಿನಲ್ಲಿ ಶಾಲೆ ಎಷ್ಟು, ಬಾವಿ ಎಷ್ಟು, ಅಂಚೆಪೆಟ್ಟಿಗೆ ಎಷ್ಟು ಎಲ್ಲ ಅದರಲ್ಲಿತ್ತು. ಅಚ್ಚಾದದ್ದು ಸತ್ಯ, ಬಾಯಲ್ಲಿ ಬಂದದ್ದು ಗಾಳಿಮಾತು ಎಂಬುದು ನನ್ನ ನಂಬಿಕೆ. ವಿಶ್ವಕೋಶದ ನಿಯಮವೂ ಹೆಚ್ಚುಕಡಿಮೆ ಅದೇ. ನಾನು ಇಟ್ಟುಕೊಂಡ ಬಳಕೆದಾರ ಹೆಸರನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ. ‘ನಿಖರ’ ಎನ್ನುವ ಮಾತು ಅದರಲ್ಲಿತ್ತು ಎಂದರೆ ಸಾಕು.

ನ್ಯಾಮತಿ ದಾಟಿ ಸವಳಂಗದ ಕಡೆ ಹೋಗುವಾಗ ಒಂದು ಊರು ಸಿಗುತ್ತದೆ. ಹೆಸರು ಬೇಡ. ಬರೆದರೆ ಅವರೂ ನನ್ನ ಮೇಲೊಂದು ದೂರು ಕೊಡುತ್ತಾರೆ. ಆ ಊರಿನ ಪುಟದಲ್ಲಿ ಕೈಪಿಡಿ ನೋಡಿಕೊಂಡು ಹೀಗೆ ಬರೆದಿದ್ದೆ: ‘ಬಸ್ ನಿಲ್ದಾಣದ ಬಳಿ ಮಹಿಳೆಯರಿಗಾಗಿ ಸುಸಜ್ಜಿತ ಸಾರ್ವಜನಿಕ ಶೌಚಾಲಯವಿದೆ.’

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಆ ವಾಕ್ಯದ ಬಾಲಕ್ಕೆ ಯಾರೋ ಎರಡು ಪದ ಅಂಟಿಸಿದ್ದರು: ‘ಬೀಗ ಹಾಕೈತೆ.’

ನನಗೆ ಸಿಟ್ಟು ಬಂದದ್ದು ಬೀಗದ ಮೇಲಲ್ಲ, ‘ಹಾಕೈತೆ’ ಮೇಲೆ. ವಿಶ್ವಕೋಶದಲ್ಲಿ ಯಾರಾದರೂ ಐತೆ ಎಂದು ಬರೆಯುತ್ತಾರೆಯೇ? ಮನೆಯಲ್ಲಿ ನಾನೂ ಐತೆ ಎಂದೇ ಮಾತಾಡುವವಳು, ಅದು ಬೇರೆ ವಿಷಯ. ಅಳಿಸಿಹಾಕಿದೆ.

ಎರಡು ದಿನ ಬಿಟ್ಟು ಮತ್ತೆ ಬಂತು: ‘ಬೀಗ ಹಾಕಿದೆ.’ ವ್ಯಾಕರಣ ಸರಿಮಾಡಿಕೊಂಡು ಬಂದಿದ್ದ. ಬರೆದವನು ಗಂಡಸೇ ಎಂದು ನಾನು ಅದು ಹೇಗೋ ತೀರ್ಮಾನಿಸಿಬಿಟ್ಟಿದ್ದೆ. ‘ಆಧಾರ ಇಲ್ಲ’ ಎಂದು ಷರಾ ಬರೆದು ಮತ್ತೆ ಅಳಿಸಿದೆ. ಮಾರನೆಯ ದಿನ ಹೀಗಿತ್ತು: ‘ಬೀಗ ಹಾಕಿದೆ. ಆಧಾರ: ಬೀಗ.’

ಇದು ಉದ್ಧಟತನ. ಅಳಿಸಿದೆ. ‘ಇವತ್ತೂ ಬೀಗ.’ ಅಳಿಸಿದೆ. ‘ಮಂತ್ರಿ ಬಂದಾಗ ಅರ್ಧ ಗಂಟೆ ತೆಗೆದಿದ್ರು, ಆಮೇಲೆ ಬೀಗ.’ ಅದನ್ನೂ ಅಳಿಸಿದೆ. ಹೀಗೆ ಒಂದು ತಿಂಗಳು ನಡೆಯಿತು. ಬೆಳಿಗ್ಗೆ ಎದ್ದು ಕಾಫಿಗೆ ಹಾಲಿಡುವ ಮೊದಲು ಆ ಪುಟ ತೆರೆಯುವುದು ನನಗೆ ಅಭ್ಯಾಸವಾಯಿತು. ಯಜಮಾನರು, “ಆ ಪುಣ್ಯಾತ್ಮ ಯಾರೋ ದಿನಾ ಹೋಗಿ ಬೀಗ ನೋಡ್ಕೊಂಡು ಬಂದು ಬರೀತಾನಲ್ಲ, ನೀನು ಒಂದ್ಸಲನಾದ್ರೂ ಹೋಗಿದ್ದೀಯಾ?” ಎಂದು ಕೇಳಿದರು. ಕೈಪಿಡಿಯಲ್ಲಿ ಇದೆ ಎಂದೆ. ಅವರು ಪೇಪರು ಮಡಿಸಿಕೊಂಡು ಹೊರಗೆ ಹೋದರು.

ಕನ್ನಡ ಪುಟಗಳ ಕಾವಲು ಕಾಯುವ ಹಿರಿಯ ಸಂಪಾದಕರೊಬ್ಬರಿದ್ದರು. ಅವರು ಯಾವ ದೇಶದಲ್ಲಿ ಕೂತಿದ್ದರೋ, ಮುಖ ಹೇಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೆ ಬರೆದು ಕೇಳಿದೆ. ಉತ್ತರ ಶಾಸನದ ಹಾಗೆ ಬಂತು: “ಇದು ಸ್ಪಷ್ಟ ವಿಧ್ವಂಸಕ ಕೃತ್ಯ. ಸಂಬಂಧಪಟ್ಟ ಅಂತರಜಾಲ ಸೇವಾದಾತರಿಗೆ ವರದಿ ಮಾಡತಕ್ಕದ್ದು.” ನನಗೆ ಮೈ ಜುಮ್ಮೆಂದಿತು. ನಾನು ಕಾಯುತ್ತಿದ್ದ ಶೌಚಾಲಯದ ವಾಕ್ಯಕ್ಕೆ ಒಮ್ಮೆಲೇ ದೇವಸ್ಥಾನದ ಗೌರವ ಬಂದ ಹಾಗಾಯಿತು.

ಖಾತೆ ಇಲ್ಲದೆ ಬರೆಯುವವರ ಸಂಪರ್ಕದ ನಂಬರು ಆ ಪುಟದ ಇತಿಹಾಸದಲ್ಲಿ ಕಾಣುತ್ತಿತ್ತು. ಆ ನಂಬರು ಯಾವ ಕಂಪನಿಯದು ಎಂದು ಹುಡುಕಿದೆ. ನೋಡಿದರೆ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಟಿವಿ ಕೇಬಲ್ ಎಳೆದು, ಈಗ ಅದೇ ಕಂಬಗಳ ಮೇಲೆ ಇಂಟರ್ನೆಟ್ಟನ್ನೂ ಎಳೆದಿರುವ ಚಿಕ್ಕ ಕಂಪನಿ. ನಮ್ಮ ಮನೆಗೂ ಅವರದೇ ಸಂಪರ್ಕ. ಇಮೇಲ್ ಬರೆದೆ, ಉತ್ತರವಿಲ್ಲ. ಫೋನ್ ಮಾಡಿದೆ.

“ಹೇಳಿ ಮೇಡಂ, ನೆಟ್ ಸ್ಲೋ ಐತಾ?” ಒಬ್ಬ ಹುಡುಗಿ ಕೇಳಿದಳು.

“ನೆಟ್ ಚೆನ್ನಾಗೈತಮ್ಮ. ನಿಮ್ಮ ಗ್ರಾಹಕರೊಬ್ಬರು ನೆಟ್ಟಿನಲ್ಲಿ ಕಿಡಿಗೇಡಿತನ ಮಾಡ್ತಿದ್ದಾರೆ.”

“ರೌಟರ್‌ನಲ್ಲಿ ಕೆಂಪು ಲೈಟ್ ಬರ್ತೈತಾ?”

“ನನ್ನ ರೌಟರ್ ಅಲ್ಲ, ಅವರದು.”

“ಅವರ ರೌಟರ್ ಆಫ್ ಮಾಡಿ ಆನ್ ಮಾಡಾಕೆ ಹೇಳ್ರಿ ಮೇಡಂ.”

ಮಧ್ಯಾಹ್ನದ ಹೊತ್ತಿಗೆ ಏಣಿ ಹೊತ್ತ ಲೈನ್‌ಮ್ಯಾನ್ ಒಬ್ಬರು ನಮ್ಮ ಮನೆಗೆ ಬಂದರು. ಬೇಡವೆಂದರೂ ಕೇಳದೆ ಚೆನ್ನಾಗಿದ್ದ ವೈರನ್ನು ಕತ್ತರಿಸಿ ಹೊಸದಾಗಿ ಜೋಡಿಸಿದರು. ಅವರು ಹೋದ ಮೇಲೆ ನೆಟ್ ನಿಜವಾಗಿಯೂ ಸ್ಲೋ ಆಯಿತು. ಸಂಜೆ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರನ್ನು ಸರಿಪಡಿಸಲಾಗಿದೆ.

ಆ ಮಾತನ್ನು ಮೂವತ್ತು ವರ್ಷ ಬರೆದವಳಿಗೆ ಓದುವಾಗ ಹೇಗಿರುತ್ತದೆ ಎನ್ನುವುದು ಅವತ್ತು ಗೊತ್ತಾಯಿತು. ಬಹಳ ಕೆಟ್ಟದಾಗಿರುತ್ತದೆ.

ಕಂಪನಿಯ ದೂರು ವಿಭಾಗ ಜಗಳೂರಿನಲ್ಲಿತ್ತು. ಸಂಪರ್ಕಗಳೆಲ್ಲ ಈ ತುದಿಯಲ್ಲಿ, ದೂರು ಕೊಡುವ ಜಾಗ ಮಾತ್ರ ಆ ತುದಿಯಲ್ಲಿ. ಹೊನ್ನಾಳಿಯಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಜಗಳೂರಿಗೆ ಇನ್ನೊಂದು. ಅಷ್ಟು ದೂರ ದೂರು ಹೊತ್ತುಕೊಂಡು ಯಾರೂ ಬರಲಾರರು ಎನ್ನುವುದೇ ಉದ್ದೇಶವಿರಬೇಕು. ನಾನು ಹೋದೆ. ಬಸ್ಸಿನಲ್ಲಿ ದೂರ ಹೋಗುವ ದಿನ ಬೆಳಗಿನಿಂದಲೇ ನೀರು ಕುಡಿಯುವುದಿಲ್ಲ. ಇದು ನನ್ನೊಬ್ಬಳ ಪದ್ಧತಿಯಲ್ಲ. ನಮ್ಮ ಕಡೆ ಯಾವ ಹೆಂಗಸನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಶೌಚಾಲಯದ ಬಗ್ಗೆ ದೂರು ಕೊಡಲು ಗಂಟಲು ಒಣಗಿಸಿಕೊಂಡು ಹೋಗುತ್ತಿದ್ದ ನನಗೆ ಅದರಲ್ಲಿದ್ದ ಅಸಂಬದ್ಧತೆ ಹೊಳೆಯಲೇ ಇಲ್ಲ.

ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ. ಒಂದು ಮೇಜು, ಅದರ ಹಿಂದೆ ದೂರು ಬರೆದುಕೊಳ್ಳುವ ನಡುವಯಸ್ಸಿನ ಒಬ್ಬ ಸಜ್ಜನರು. ಕುರ್ಚಿ ಎಳೆದು ಕೂರಿಸಿ, ಪೂರ್ತಿ ಕೇಳಿದರು. ಊರಿನ ಹೆಸರು ಹೇಳಿದ ಕೂಡಲೇ ಪೆನ್ನು ಕೆಳಗಿಟ್ಟರು.

“ಅಲ್ಲಿಂದ ಇನ್ನೊಂದು ಕಂಪ್ಲೇಂಟ್ ಐತಲ್ರೀ ಮೇಡಂ!”

“ಇನ್ನೊಂದಾ? ಏನಂತ?”

ಅವರು ರಿಜಿಸ್ಟರ್ ತಿರುವಿ, ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಓದಿದರು: “‘ನೆಟ್ಟಿನಲ್ಲಿ ನಮ್ಮ ಊರಿನ ಬಗ್ಗೆ ಯಾರೋ ಒಬ್ಬರು ಸುಳ್ಳು ಬರೆದಿದ್ದಾರೆ. ನಾನು ನಿಜ ಬರೆದರೆ ದಿನಾಲೂ ಅಳಿಸುತ್ತಾರೆ. ಅವರಿಗೆ ಬೇರೆ ಕೆಲಸ ಇದ್ದಂತೆ ಕಾಣುವುದಿಲ್ಲ. ಅವರನ್ನು ಹುಡುಕಿ ಸಂಪರ್ಕ ಕಡಿತಗೊಳಿಸಬೇಕು. ನನ್ನ ಝೆರಾಕ್ಸ್ ಅಂಗಡಿ ಸದರಿ ಶೌಚಾಲಯದ ಪಕ್ಕದಲ್ಲೇ ಇರುತ್ತದೆ.’”

“ಇದಕ್ಕೆ ಏನು ಕ್ರಮ ತಗೊಂಡ್ರಿ?” ಎಂದೆ.

“ಕ್ಲೋಸ್ ಮಾಡೀವಿ.”

“ನಂದು?”

“ನಿಮ್ದೂ ಕ್ಲೋಸ್ ಆಗೈತಲ್ರೀ. ಇಬ್ರೂ ನಮ್ ಕಸ್ಟಮರ್ರು. ನೀವು ಅವರ್ದು ಕಟ್ ಮಾಡಿ ಅಂತೀರಿ, ಅವರು ನಿಮ್ದು ಕಟ್ ಮಾಡಿ ಅಂತಾರೆ. ನಾನು ಯಾರ್ದು ಅಂತ ಕಟ್ ಮಾಡ್ಲಿ?” ಆಮೇಲೆ ದನಿ ತಗ್ಗಿಸಿದರು. “ಅಡ್ರೆಸ್ ಕೊಡಾಕೆ ಬರಲ್ಲ ಮೇಡಂ. ಪೊಲೀಸ್ ಲೆಟರ್ ಬೇಕು.”

ಹೆಬ್ಬೆರಳು ಹೆಸರಿನ ಮೇಲೆ ಹಾಗೆಯೇ ಇತ್ತು. ಉಳಿದದ್ದನ್ನೆಲ್ಲ ಓದಿ ಹೇಳಿದ್ದರಿಂದ ಹೆಸರಿನ ಅಗತ್ಯ ನನಗಿರಲಿಲ್ಲ.

ಮುಂದಿನ ವಾರವೇ ಆ ಊರಿಗೆ ಹೊರಟೆ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗಿ, ಅಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಇಳಿದು, ಕಿಡಿಗೇಡಿಗೆ ಏನೇನು ಹೇಳಬೇಕೆಂದು ಅವರೆದುರು ಒಂದು ಸಲ ಹೇಳಿ ನೋಡಿದೆ. ಮಾತಿನ ಭರದಲ್ಲಿ ಎರಡು ಲೋಟ ಟೀ, ಒಂದು ಲೋಟ ಮಜ್ಜಿಗೆ ಒಳಗೆ ಹೋದದ್ದು ಗಮನಕ್ಕೆ ಬರಲಿಲ್ಲ. ಬಸ್ಸು ಹತ್ತಿ ಅರ್ಧ ದಾರಿ ಹೋದ ಮೇಲೆ ಗಮನಕ್ಕೆ ಬಂತು. ಆ ರಸ್ತೆಯ ಗುಂಡಿಗಳ ಬಗ್ಗೆ ಕೈಪಿಡಿಯಲ್ಲಿ ಒಂದಕ್ಷರವೂ ಇಲ್ಲ.

ಇಳಿದವಳೇ ನೋಡಿದೆ. ಶೌಚಾಲಯ ಇತ್ತು. ಸುಳ್ಳಲ್ಲ. ಗುಲಾಬಿ ಬಣ್ಣದ ಗೋಡೆ, ಗೋಡೆಯ ಮೇಲೆ ಸೀರೆಯುಟ್ಟ ಹೆಂಗಸಿನ ಚಿತ್ರ, ‘ಸ್ವಚ್ಛತೆಯೇ ಸಂಪತ್ತು’ ಎಂಬ ಬರಹ, ಬಾಗಿಲಿಗೆ ನನ್ನ ಅಂಗೈಯಷ್ಟು ದೊಡ್ಡ ಬೀಗ. ಪಕ್ಕದಲ್ಲೇ ಝೆರಾಕ್ಸ್ ಅಂಗಡಿ. ಅಲ್ಲಿ ಬುರ್ಖಾ ತೊಟ್ಟ, ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕಂಪ್ಯೂಟರಿನಲ್ಲಿ ಯಾರದೋ ಜಾತಿ ಪ್ರಮಾಣಪತ್ರದ ಅರ್ಜಿ ತುಂಬುತ್ತಿದ್ದಳು. ನಾನು ಅವಸರದಿಂದ ಮೆಟ್ಟಿಲು ಹತ್ತಿದೆ. ಬಾಯಿ ತೆರೆಯುವ ಮೊದಲೇ, ತಲೆ ಎತ್ತದೆ ಅವಳೆಂದಳು:

“ಕೀ ನನ್ನತ್ರ ಇಲ್ಲ.”

ತಿಂಗಳುಗಟ್ಟಲೆ ಕೂಡಿಟ್ಟಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. “ಅಮ್ಮಾ, ತುಂಬಾ ಅರ್ಜೆಂಟು,” ಎಂದಷ್ಟೇ ಹೇಳಿದೆ.

ಅವಳು ಆಗ ತಲೆ ಎತ್ತಿ ನನ್ನ ಮುಖ ನೋಡಿ ಎದ್ದಳು. ಅರ್ಜಿಗೆ ಕಾಯುತ್ತಿದ್ದವರಿಗೆ “ಒಂದೈದು ನಿಮಿಷ ಕುಂದ್ರಿ” ಎಂದು ಹೇಳಿ, ನನ್ನ ಮೊಳಕೈ ಹಿಡಿದುಕೊಂಡು ಅಂಗಡಿಯ ಹಿಂದಿನ ಓಣಿಗೆ ಕರೆದೊಯ್ದಳು. ಅವಳ ನಾದಿನಿಯ ಮನೆ. “ಭಾಭಿ, ಇನ್ನೊಬ್ರು ಬಂದ್ರಾ?” ಎಂದು ಒಳಗಿನಿಂದ ನಾದಿನಿ ಅಂದದ್ದು ಕೇಳಿಸಿತು. ‘ಇನ್ನೊಬ್ರು’ ಎನ್ನುವ ಪದ ನನ್ನ ಕಿವಿಯಲ್ಲಿ ನಿಂತಿತು.

ಹೊರಗೆ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಅರ್ಜಿಯವರು ಹೋದರು. ಅವಳೇ ಮಾತು ತೆಗೆದಳು.

“ಬ್ಯಾಸರ ಮಾಡ್ಕಬ್ಯಾಡ್ರಿ ಅಮ್ಮಾ, ಸಿಡುಕಿಬಿಟ್ಟೆ. ದಿನಾ ಇದೇ ಆಗೈತೆ. ಮೊದ್ಲು ಇಲ್ಲಿ ಯಾರೂ ಇಳೀತಿರ್ಲಿಲ್ಲ. ಊರೋರಿಗೆ ಗೊತ್ತಲ್ಲ, ಬೀಗ ಐತೆ ಅಂತ. ಈಗ ಯಾರೋ ಪುಣ್ಯಾತ್ಗಿತ್ತಿ ನೆಟ್ಟಲ್ಲಿ ಬರ್ದಿಟ್ಟಾಳೆ, ಭಾರೀ ಸುಸಜ್ಜಿತ ಐತೆ ಅಂತ. ಮೊಬೈಲ್ ನೋಡ್ಕಂಡು ಇಳೀತಾರೆ. ಇಳಿದು ಬೀಗ ನೋಡ್ತಾರೆ, ನನ್ನತ್ರ ಬರ್ತಾರೆ. ಅಷ್ಟರಾಗೆ ಬಸ್ಸು ಹೋಗಿರ್ತೈತೆ.”

“ಬರೆದವಳು ಹೆಂಗಸು ಅಂತ ಹೆಂಗೆ ಗೊತ್ತು?” ಎಂದೆ, ದನಿ ಆದಷ್ಟು ಸಹಜವಾಗಿರಲಿ ಎಂದು ಪ್ರಯತ್ನಿಸುತ್ತ.

“ಗಂಡಸ್ರು ಹೆಂಗಸ್ರ ಶೌಚಾಲಯದ ಬಗ್ಗೆ ಯಾಕೆ ಬರೀತಾರ್ರೀ? ಹೆಂಗಸೇ. ಅದಕ್ಕೇ ಜಾಸ್ತಿ ಸಿಟ್ಟು ಬರೋದು ನಂಗೆ. ಹೋದ ತಿಂಗ್ಳು ಒಂದು ಬಸುರಿ ಹುಡುಗಿ, ಅತ್ತೆ ಜೊತೆ ಶಿವಮೊಗ್ಗದ ಆಸ್ಪತ್ರೆಗೆ ಹೊಂಟಿದ್ಲು. ನೆಟ್ಟಲ್ಲಿ ಐತೆ ಅಂತ ನಂಬ್ಕಂಡು ಇಳಿದ್ರು. ಮುಂದಿನ ಬಸ್ಸಿಗೆ ಒಂದೂವರೆ ತಾಸು ಈ ಸ್ಟೂಲ್ ಮ್ಯಾಲೇ ಕೂತಿದ್ಲು.”

ನಾನು ಕೂತಿದ್ದ ಸ್ಟೂಲು. ಎದ್ದು ನಿಂತೆ. ಹೇಳದೆ ಬೇರೆ ದಾರಿ ಇರಲಿಲ್ಲ.

“ಆ ಪುಣ್ಯಾತ್ಗಿತ್ತಿ ನಾನೇ ಕಣಮ್ಮಾ.”

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ: “ನೀವು ಬಸ್ಸಲ್ಲಿ ಓಡಾಡೋರೇ ಅಲ್ವೇನ್ರೀ?”

ಓಡಾಡುವವಳೇ. ನಲವತ್ತು ವರ್ಷದಿಂದ ಓಡಾಡುತ್ತಿದ್ದೇನೆ. ನಮ್ಮ ಕಡೆಯ ಬಸ್ ನಿಲ್ದಾಣಗಳಲ್ಲಿ ಏನಿದೆ, ಏನಿಲ್ಲ ಎಂಬುದು ಯಾವ ಕೈಪಿಡಿಗಿಂತಲೂ ನನ್ನ ಮೈಗೆ ಚೆನ್ನಾಗಿ ಗೊತ್ತು. ಆದರೂ ‘ಸುಸಜ್ಜಿತ’ ಎಂಬ ಪದ ನೋಡಿದಾಗ ನನ್ನ ಮೈಯನ್ನು ಕೇಳದೆ ಪುಸ್ತಕವನ್ನು ನಂಬಿದೆ. ಅವಳಿಗೆ ಅಷ್ಟೆಲ್ಲ ಹೇಳಲು ಆಗಲಿಲ್ಲ. “ತಪ್ಪಾಯ್ತು,” ಎಂದೆ. ಅವಳು ಎದುರಿನ ಹೋಟೆಲಿಗೆ ಟೀ ಹೇಳಲು ಹೊರಟಳು. ನಾನು ಬೇಡವೆಂದು ಕೈಮುಗಿದೆ. ಅದಕ್ಕೆ ಅವಳಿಗೆ ನಗು ಬಂತು. ಅವಳು ನಕ್ಕದ್ದು ನೋಡಿ ನನಗೂ ಬಂತು.

ಮನೆಗೆ ಬಂದವಳೇ ನನ್ನ ವಾಕ್ಯದ ಕೊನೆಗೆ ನನ್ನ ಕೈಯಾರೆ ಬರೆದೆ: ‘ಆದರೆ ಬೀಗ ಹಾಕಿದೆ.’

ಒಂದು ಗಂಟೆಯೊಳಗೆ ಹಿರಿಯ ಸಂಪಾದಕರು ಅದನ್ನು ಅಳಿಸಿದರು. ನಾನು ಮತ್ತೆ ಬರೆದೆ. ಅವರು ಮತ್ತೆ ಅಳಿಸಿ ಎಚ್ಚರಿಕೆ ಕಳಿಸಿದರು: “ಕಣ್ಣಾರೆ ಕಂಡದ್ದು ಆಧಾರವಾಗುವುದಿಲ್ಲ. ತಾವೂ ಕಿಡಿಗೇಡಿಗಳ ಸಾಲಿಗೆ ಸೇರಿದ್ದು ವಿಷಾದನೀಯ.” ನಾನು ಬೀಗದ ಫೋಟೋ ಕಳಿಸಿದೆ. ಬೀಗ ಅದೇ ಬಾಗಿಲಿನದು ಎನ್ನಲು ಆಧಾರವೇನು ಎಂದು ಕೇಳಿದರು. ಮೂರನೆಯ ಸಲ ಅವಸರದಲ್ಲಿ ಖಾತೆ ತೆರೆಯದೆ ಬರೆದು ನನ್ನ ನಂಬರು ತೋರಿಸಿಕೊಂಡಾಗ, ನನಗೆ ಕಲಿಸಿದ್ದ ಅಸ್ತ್ರವನ್ನೇ ನನ್ನ ಮೇಲೆ ಬಿಟ್ಟರು. ಎರಡು ದಿನದ ಮೇಲೆ ಜಗಳೂರಿನ ಸಜ್ಜನರ ಫೋನು ಬಂತು.

“ಮೇಡಂ, ನಿಮ್ ಮ್ಯಾಲೆ ಫಾರಿನ್ನಿಂದ ಒಂದು ಕಂಪ್ಲೇಂಟ್ ಬಂದೈತೆ. ಇಂಗ್ಲೀಷ್‌ನಾಗೈತೆ, ಏನೋ ಹಾಳು ಮಾಡೀರಿ ಅಂತ. ಒಂದ್ಸಲ ರೌಟರ್ ಆಫ್ ಮಾಡಿ ಆನ್ ಮಾಡಿಬಿಡ್ರಿ, ನಾನು ಕ್ಲೋಸ್ ಮಾಡ್ತೀನಿ.”

ನಾನು ಹಾಗೆಯೇ ಮಾಡಿದೆ. ಅದು ಕ್ಲೋಸ್ ಆಯಿತು.

ಝೆರಾಕ್ಸ್ ಅಂಗಡಿಯವಳಿಗೆ ಫೋನ್ ಮಾಡಿ ನನ್ನ ಸೋಲು ಹೇಳಿಕೊಂಡೆ. ಅವಳಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. “ಅವರಿಗೆ ಸೀಲ್ ಇರೋ ಕಾಗದ ಬೇಕಲ್ಲ? ಅದೇ ನನ್ ಕೆಲಸ ಬಿಡ್ರಿ,” ಎಂದಳು. ದಿನವಿಡೀ ಊರವರ ಅರ್ಜಿ ಬರೆಯುವವಳು ಆವತ್ತು ತನ್ನದೇ ಒಂದು ಬರೆದಳು. ಶೌಚಾಲಯದ ಸ್ಥಿತಿಗತಿ ತಿಳಿಸಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದಳು. ಕಾನೂನಿನಲ್ಲಿ ಕೊಟ್ಟ ಗಡುವಿನ ಕೊನೆಯ ದಿನ ಉತ್ತರ ಬಂತು. ಅವಳು ಅದನ್ನು ಫೋನಿನಲ್ಲಿ ಓದಿ ಹೇಳುವಾಗ ನಗು ತಡೆಯಲಾರದೆ ಎರಡು ಸಲ ನಿಲ್ಲಿಸಿದಳು: “‘ಸದರಿ ಶೌಚಾಲಯವು ಸುಸ್ಥಿತಿಯಲ್ಲಿರುತ್ತದೆ. ಸಾರ್ವಜನಿಕರು ಬಳಸಿ ಹಾಳುಮಾಡುವ ಸಂಭವವಿರುವುದರಿಂದ ಬೀಗ ಹಾಕಿ ಸಂರಕ್ಷಿಸಲಾಗಿದೆ.’”

ಈ ಕಾಗದವನ್ನು ಸ್ಥಳೀಯ ಪತ್ರಿಕೆಯೊಂದರ ವರದಿಗಾರರಿಗೆ ಕೊಟ್ಟೆವು. ಒಳಪುಟದಲ್ಲಿ, ಅಡಿಕೆ ಧಾರಣೆಯ ಕೆಳಗೆ, ನಾಲ್ಕು ಸಾಲು ಅಚ್ಚಾಯಿತು. ಅಚ್ಚಾದದ್ದು ಸತ್ಯ. ನಾನು ಪುಟ ತೆರೆದು ಬರೆದೆ: ‘ಬಸ್ ನಿಲ್ದಾಣದ ಬಳಿ ಸುಸಜ್ಜಿತ ಶೌಚಾಲಯವಿದ್ದು, ಬಳಕೆಯಿಂದ ರಕ್ಷಿಸಲು ಬೀಗ ಹಾಕಲಾಗಿದೆ.’ ಕೆಳಗೆ ಪತ್ರಿಕೆಯ ಉಲ್ಲೇಖ ಕೊಟ್ಟೆ. ಹಿರಿಯ ಸಂಪಾದಕರು ಅದಕ್ಕೆ ಮೆಚ್ಚುಗೆ ಸೂಚಿಸಿ, ‘ಮಾದರಿ ವಾಕ್ಯ’ ಎಂದು ಬರೆದರು. ವ್ಯಂಗ್ಯವೋ ಏನೋ ಎಂದು ಹಲವು ಸಲ ಓದಿ ನೋಡಿದೆ. ಅಲ್ಲ, ಅವರು ನಿಜವಾಗಿಯೂ ಮೆಚ್ಚಿದ್ದರು.

ಬೀಗ ತೆಗೆಸಿದ್ದು ಮಾತ್ರ ವಿಶ್ವಕೋಶವಲ್ಲ, ಆ ನಾಲ್ಕು ಸಾಲು. ಪತ್ರಿಕೆಯ ತುಣುಕು ಯಾರದೋ ಮೊಬೈಲಿನಿಂದ ಯಾರದೋ ಮೊಬೈಲಿಗೆ ಹಾರುತ್ತಾ ಒಬ್ಬ ದೊಡ್ಡ ಅಧಿಕಾರಿಯ ಮೊಬೈಲಿಗೂ ತಲುಪಿತಂತೆ. ಒಂದು ಸೋಮವಾರ ಅವರು ಕಳಿಸಿದ ನಾಲ್ಕು ಜನ ಬಂದರು. ಕೀಲಿಕೈ ಯಾರ ಬಳಿಯೂ ಇರಲಿಲ್ಲ. ಮಂತ್ರಿ ಬಂದುಹೋದ ಮೇಲೆ ಬೀಗ ಹಾಕಿದವರು ಅದನ್ನು ಎಲ್ಲಿಟ್ಟರೋ ಯಾರಿಗೂ ನೆನಪಿರಲಿಲ್ಲ. ಬೀಗ ಒಡೆದರು. ಒಳಗೆ ಮುರಿದ ಪ್ಲಾಸ್ಟಿಕ್ ಕುರ್ಚಿಗಳು, ಸೊಳ್ಳೆ ಹೊಗೆ ಬಿಡುವ ಯಂತ್ರ, ಯಾವುದೋ ಕಾರ್ಯಕ್ರಮದ ಬ್ಯಾನರುಗಳ ಸುರುಳಿ. ಬೇಸಿನ್ನಿನ ಮೇಲಿನ ಕಂಪನಿಯ ಚೀಟಿಯನ್ನೂ ಯಾರೂ ಕಿತ್ತಿರಲಿಲ್ಲ. ನಲ್ಲಿ ಇತ್ತು, ನೀರು ಇರಲಿಲ್ಲ. ಒಂದು ತಿಂಗಳು ಆ ಸಾಲಿನ ಅಂಗಡಿಗಳ ಹೆಂಗಸರೇ ಸರದಿಯ ಮೇಲೆ ಡ್ರಮ್ಮಿಗೆ ನೀರು ತುಂಬಿದರು. ಝೆರಾಕ್ಸ್ ಅಂಗಡಿಯವಳು ಇನ್ನೆರಡು ಅರ್ಜಿ ಬರೆದ ಮೇಲೆ ನಲ್ಲಿಯಲ್ಲೂ ನೀರು ಬಂತು.

ಹೋಗಿ ನೋಡಿಕೊಂಡು ಬಂದೆ. ಬಳಸಿಯೂ ಬಂದೆ. ‘ಈಗ ತೆರೆದಿದೆ’ ಎಂದು ಪುಟದಲ್ಲಿ ಬರೆದೆ. ಹಿರಿಯರು ಆಧಾರ ಕೇಳಿದರು. ವರದಿಗಾರರನ್ನು ಕೇಳಿದರೆ, “ಮುಚ್ಚಿದ್ರೆ ನ್ಯೂಸ್ ಮೇಡಂ, ತೆರೆದಿದ್ರೆ ಏನ್ ನ್ಯೂಸು?” ಎಂದರು. ಹೀಗಾಗಿ ಪ್ರಪಂಚದ ಲೆಕ್ಕದಲ್ಲಿ ಆ ಶೌಚಾಲಯಕ್ಕೆ ಇವತ್ತಿಗೂ ಬೀಗ ಹಾಕಿದೆ.

ಇದರ ಬಗ್ಗೆ ನನಗೂ ಝೆರಾಕ್ಸ್ ಅಂಗಡಿಯವಳಿಗೂ ಇನ್ನೂ ಹೊಂದಿಕೆಯಾಗಿಲ್ಲ. ನಾನು ಹೇಗಾದರೂ ಸರಿಪಡಿಸಬೇಕು ಎನ್ನುತ್ತೇನೆ. ಬಸ್ಸಿನಲ್ಲಿ ಕೂತು ಮೊಬೈಲ್ ನೋಡಿ, ಇಳಿಯದೆ ಹಲ್ಲುಕಚ್ಚಿಕೊಂಡು ಹೋಗುವವರ ನೆನಪಾಗುತ್ತದೆ. ಅವಳು ಒಪ್ಪುವುದಿಲ್ಲ.

“ಬ್ಯಾಡ ಬಿಡ್ರಿ ಅಮ್ಮಾ. ಎರಡೇ ಐತೆ ಒಳಗೆ. ನೀವು ಬರೆದ್ರೆ ಬಸ್ಸಿಗೆ ಬಸ್ಸೇ ಇಳಿದುಬಿಡ್ತೈತೆ. ಮೊದ್ಲು ಇನ್ನೊಂದೆರಡು ಕಟ್ಟಾಕೆ ಅರ್ಜಿ ಹಾಕ್ತೀನಿ, ಆಮೇಲೆ ಬರೀರಂತೆ. ಕಂಡಕ್ಟರಿಗೆ ಹೇಳೀನಿ, ಅರ್ಜೆಂಟ್ ಇದ್ದೋರಿಗೆ ಅವರೇ ಹೇಳಿ ಇಳಿಸ್ತಾರೆ.”

ಆ ಅರ್ಜಿಯನ್ನು ಅವಳು ಹಾಕಿಯಾಗಿದೆ. ಅದರ ನಕಲು ನನ್ನ ಬಳಿ ಇದೆ. ಜಾಗದ ಅಳತೆ ತಪ್ಪು ಬರೆದಿದ್ದಾಳೆ ಎಂದು ನನಗನಿಸಿತು. ಹೇಳಿದೆ. “ಬಂದು ಅಳೀರಿ ಮತ್ತೆ,” ಎಂದಳು. ಗುರುವಾರ ಟೇಪು ತೆಗೆದುಕೊಂಡು ಹೋಗುತ್ತಿದ್ದೇನೆ.